ಹಲ್ಲಕ್ಕನ ಕೊಕ್ಕೆ

ಹಲ್ಲಕ್ಕನನ್ನು ನಾನು ಮೊದಲು ನೋಡಿದ್ದು ನಮ್ಮಮ್ಮನ ಬಾಯಿಯ ದೆಸೆಯಿಂದ. ಆಗ ನಾನು ಓದು ಮುಗಿಸಿ, ಪಟ್ಟಣದ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ, ಒಂದು ಬಾಡಿಗೆ ಕೋಣೆ ಹಿಡಿದು, ಅಮ್ಮನನ್ನು ಹಳ್ಳಿಯಿಂದ ಕರೆಸಿಕೊಂಡಿದ್ದೆ. ಅಮ್ಮನ ಮೇಲಿನ ಸಾಲಿನಲ್ಲಿ ಕೆಲವು ಹಲ್ಲು ಬಿದ್ದುಹೋಗಿದ್ದವು. ದಂತವೈದ್ಯರು ಅಳತೆ ತೆಗೆದುಕೊಂಡು ಒಂದು ಸಣ್ಣ ಕಟ್ಟುಹಲ್ಲು ಮಾಡಿಸಿಕೊಟ್ಟರು. ಉಳಿದ ಹಲ್ಲುಗಳನ್ನು ಎರಡು ತಂತಿಗಳಿಂದ ತಬ್ಬಿಕೊಂಡು ಕೂರುವಂಥದ್ದು. ಹಾಕಿಕೊಂಡದ್ದೇನೋ ಆಯಿತು, ತೆಗೆಯಲು ಹೋದರೆ ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಅಮ್ಮ ಎಳೆದಳು, ನಾನು ಎಳೆದೆ. ವೈದ್ಯರ ಬಾಗಿಲಿಗೆ ಬೀಗ. ಪಕ್ಕದ ಔಷಧಿ ಅಂಗಡಿಯವನು ನಮ್ಮ ಅವಸ್ಥೆ ನೋಡಿ, "ಹಲ್ಲು ಮಾಡೋರು ಬೇರೆ ಇದ್ದಾರೆ ಸಾರ್. ಹಾಸಿಗೆ ಅಂಗಡಿ ಹಿಂದೆ. ಸೀದಾ ಅಲ್ಲಿಗೇ ಹೋಗಿ" ಎಂದ.

ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಾರುತ್ತಿತ್ತು. ಹುಬ್ಬಿನ ಮೇಲೂ ಹತ್ತಿ ಕೂತಿದ್ದ ಒಬ್ಬ ದಪ್ಪ ಮನುಷ್ಯ, ಮೊಳದುದ್ದದ ಸೂಜಿಯಿಂದ ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಹಲ್ಲೋ, ಹಾಸಿಗೆಯೋ?"

"ಹಲ್ಲು."

ಸೂಜಿಯಿಂದಲೇ ಹಿಂಬಾಗಿಲು ತೋರಿಸಿದರು.

ಹಿಂದಿನ ಕೋಣೆ ಉದ್ದವಾಗಿ, ಕಿರಿದಾಗಿತ್ತು. ಕಿಟಕಿಯ ಕೆಳಗೆ ಮರದ ಮೇಜು. ಅದರ ಮೇಲಿನ ಅಟ್ಟಣೆಯಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಕನ್ನಡಕವನ್ನು ನೆತ್ತಿಗೇರಿಸಿಕೊಂಡ, ಮೊಣಕೈವರೆಗೆ ಬಿಳಿ ಪುಡಿ ಮೆತ್ತಿಕೊಂಡ ಒಬ್ಬ ಹೆಂಗಸು ಸಣ್ಣ ಅರದಿಂದ ಒಂದು ಹಲ್ಲನ್ನು ಉಜ್ಜುತ್ತಿದ್ದರು. ಒಳಗೆ ಕಾಲಿಡುತ್ತಲೇ ನಾನು ತಲೆ ತಗ್ಗಿಸಬೇಕಾಯಿತು. ಸೂರಿನಿಂದ ಬಿಗಿದ ಎರಡು ಪಟ್ಟಿಗಳ ಮೇಲೆ ಒಂದು ಉದ್ದನೆಯ ಬಿಳಿಯ ಹಲಗೆ ಗೋಡೆಯಿಂದ ಗೋಡೆಗೆ ತೂಗುತ್ತಿತ್ತು. ಆಮೇಲೆ ನೋಡಿದರೆ ಅದು ಹಲಗೆಯಲ್ಲ, ರೆಕ್ಕೆ.

ಅವರು ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. "ಬಾಯಿ ತೆಗೀರಿ ಅಮ್ಮ. ಎಳೀಬೇಡಿ. ಎಳೆದಷ್ಟೂ ತಂತಿ ಅವುಚಿಕೊಳ್ಳುತ್ತೆ" ಎಂದು, ತಂತಿಯ ತುದಿಯನ್ನು ಉಗುರಿನಿಂದ ಚೂರೇ ಚೂರು ಆಚೆಗೆ ತಳ್ಳಿದರು. ಕಟ್ಟುಹಲ್ಲು ಟಪ್ಪನೆ ಅವರ ಅಂಗೈಗೆ ಬಿತ್ತು.

ಅಮ್ಮ ದವಡೆ ಸವರಿಕೊಂಡಳು. "ನಿನ್ನ ಹಲ್ಲು ನಮ್ಮತ್ತೆ ಇದ್ದ ಹಾಗಿದೆ ಕಣಮ್ಮ. ಬಂದು ಕೂತರೆ ಏಳೋ ಮಾತೇ ಇಲ್ಲ."

ಅವರು ಗಟ್ಟಿಯಾಗಿ ನಕ್ಕರು. ಆದರೆ ತಮ್ಮ ಕೆಲಸವನ್ನು ಬಿಟ್ಟುಕೊಡಲಿಲ್ಲ. "ಹಾಗೆ ಕೂರಬೇಕಮ್ಮ. ಒಸಡಿಗೂ ಹಲ್ಲಿಗೂ ನಡುವೆ ಕೂದಲು ತೂರಬಾರದು. ತೂರಿದರೆ ಅದು ನನ್ನ ಕೈಯ ಹಲ್ಲಲ್ಲ ಅಂತಲೇ ಲೆಕ್ಕ."

ಅಮ್ಮನ ಕಣ್ಣು ಆಗಲೇ ಮೇಲಕ್ಕೆ ಹೋಗಿತ್ತು. "ಅದೇನದು?"

"ವಿಮಾನದ ಒಂದು ರೆಕ್ಕೆ. ಇನ್ನೊಂದು ಹತ್ತಿ ಮೂಟೆ ಮೇಲಿದೆ. ಇಂಜಿನ್ ಇಲ್ಲದ ವಿಮಾನ, ಗ್ಲೈಡರ್ ಅಂತಾರೆ."

"ಇದರಲ್ಲಿ ನೀನು ಕೂತ್ಕೊಂಡು ಹೋಗ್ತೀಯಾ?"

"ಇಲ್ಲಮ್ಮ. ನಾನು ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸೋದು."

"ಇಂಜಿನ್ ಇಲ್ಲ ಅಂದ್ರೆ ಮೇಲಕ್ಕೆ ಹೇಗೆ ಹೋಗುತ್ತೆ?"

"ಎತ್ತು ಎಳ್ಕೊಂಡು ಹೋಗುತ್ತೆ."

ಜೀವಮಾನವೆಲ್ಲ ಎತ್ತುಗಳ ಜೊತೆ ಕಳೆದ ಅಮ್ಮನಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಆಮೇಲಿನ ವಿವರಣೆಯನ್ನು ಅವಳು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಎತ್ತು ಎಂದರೆ ಇಂಜಿನ್ ಇರುವ ಒಂದು ಗಿಡ್ಡ, ದಪ್ಪ ಮಾದರಿ ವಿಮಾನ. ಅದು ಹಗ್ಗ ಕಟ್ಟಿ ಗ್ಲೈಡರನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ಬೇಕಾದಷ್ಟು ಎತ್ತರ ಸಿಕ್ಕಮೇಲೆ ಗ್ಲೈಡರು ಹಗ್ಗ ಬಿಟ್ಟು, ಗಾಳಿಯನ್ನೇ ನಂಬಿಕೊಂಡು ತೇಲುತ್ತದೆ.

ಹೊರಡುವಾಗ ಅವರು ನನ್ನ ಎತ್ತರವನ್ನು ಕಣ್ಣಲ್ಲೇ ಅಳೆದು ಕೇಳಿದರು: "ತಮ್ಮಾ, ಭಾನುವಾರ ಬಿಡುವಿದ್ದರೆ ಬರ್ತೀಯಾ? ರೆಕ್ಕೆ ಹಿಡಿಯೋಕೆ ಒಬ್ಬರು ಬೇಕು."

ಹೀಗೆ ನಾನು ರೆಕ್ಕೆ ಹಿಡಿಯುವವನಾದೆ.

ಅವರ ನಿಜವಾದ ಹೆಸರನ್ನು ಬೀದಿಯವರು ಮರೆತೇಬಿಟ್ಟಿದ್ದರು. ಎಲ್ಲರಿಗೂ ಹಲ್ಲಕ್ಕ. ಹಾಗಾಗಿ ಅವರ ಗಂಡ ನನಗೆ ಹಾಸಿಗೆ ಭಾವನಾದರು. "ನಮ್ಮನೇಲಿ ಒಬ್ಬರು ಜನಾನ ಮಲಗಿಸ್ತೀವಿ, ಒಬ್ಬರು ಕಚ್ಚೋಕೆ ಬಿಡ್ತೀವಿ" ಎಂಬುದು ಭಾವನ ಹಳೆಯ ತಮಾಷೆ. ಹೊಸ ಗಿರಾಕಿ ಬಂದಾಗಲೆಲ್ಲ ಅದನ್ನು ಹೊಸದೆಂಬಂತೆ ಹೇಳುತ್ತಿದ್ದರು.

ಹಲ್ಲು ಕಟ್ಟುವ ಕೆಲಸವನ್ನು ಹಲ್ಲಕ್ಕ ಕಲಿತದ್ದು ಸೋದರತ್ತೆಯಿಂದ. ಹಾರಿಸುವ ಹುಚ್ಚು ಹಿಡಿದದ್ದು ಒಬ್ಬ ಗಿರಾಕಿಯಿಂದ. ಆತ ನಿವೃತ್ತ ಕ್ರೇನ್ ಚಾಲಕ. ಊರಾಚೆ, ಹಳೆಯ ಇಟ್ಟಿಗೆ ಗೂಡಿನ ಪಕ್ಕದ ಬಯಲಿನಲ್ಲಿ ಭಾನುವಾರ ಮಾದರಿ ವಿಮಾನ ಹಾರಿಸುವವರ ಗುಂಪಿಗೆ ಆತನೇ ಯಜಮಾನ. ಪೂರ್ತಿ ಬಾಯಿಗೆ ಹಲ್ಲು ಮಾಡಿಸಿಕೊಂಡಿದ್ದವರು, ಎಡಗಡೆ ಒತ್ತುತ್ತದೆ ಎಂದು ದೂರು ಹೇಳಿದರು, ಆದರೆ ಬಯಲು ಬಿಟ್ಟು ಬರಲು ಒಪ್ಪಲಿಲ್ಲ. ಹಲ್ಲಕ್ಕ ಅರ ಹಿಡಿದುಕೊಂಡು ಬಯಲಿಗೇ ಹೋದರು. ಹುಲ್ಲಿನ ಮೇಲೆ ಕೂತು ಹಲ್ಲು ಸವರಿ ಸರಿಮಾಡಿದರು. ಬಾಯಿಗೆ ಹಾಕಿ ನೋಡಲು ಎರಡೂ ಕೈ ಬೇಕಲ್ಲ, ಆತ ತಮ್ಮ ಚಿಕ್ಕ ಗ್ಲೈಡರಿನ ರಿಮೋಟನ್ನು ಅವರ ಕೈಗೆ ತುರುಕಿದರು. ತಿರುಗಿ ಕೇಳಿದಾಗ ಹಲ್ಲಕ್ಕ ಕೊಡಲಿಲ್ಲ. ಅಂದಿನಿಂದ ಆತ ಇವರಿಗೆ ಕ್ರೇನಣ್ಣ.

ಕ್ರೇನಣ್ಣನದೊಂದು ಅಭ್ಯಾಸವಿತ್ತು. ಸಿಟ್ಟು ಬಂದರೆ ಹಲ್ಲು ತೆಗೆದು ಅಂಗಿಯ ಜೇಬಿಗೆ ಇಡುತ್ತಿದ್ದರು. ಕೈ ಬಾಯಿಯ ಕಡೆ ಹೋಯಿತೆಂದರೆ ಬಯಲಿನವರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹಲ್ಲಕ್ಕ ಕಟ್ಟುತ್ತಿದ್ದ ಗ್ಲೈಡರು ಆ ಬಯಲು ಕಂಡದ್ದರಲ್ಲೆಲ್ಲ ದೊಡ್ಡದು. ಎರಡೂ ರೆಕ್ಕೆ ಜೋಡಿಸಿದರೆ ಒಂದು ಲಾರಿಯ ಉದ್ದ. ವರ್ಷಗಟ್ಟಲೆ, ಹಲ್ಲಿನ ಕೆಲಸದ ನಡುವೆ, ಅದೇ ಮೇಜಿನ ಮೇಲೆ ಪಕ್ಕೆಲುಬು ಪಕ್ಕೆಲುಬಾಗಿ ಅಂಟಿಸಿದ್ದರು. ಭಾವ ಅದಕ್ಕೆ ಹಾಸಿಗೆ ಬಟ್ಟೆಯ ಚೀಲ ಹೊಲಿದಿದ್ದರು. ಅಷ್ಟು ಭಾರವನ್ನು ಎಳೆಯಬಲ್ಲ ವಿಮಾನ ಅಲ್ಲಿ ಒಂದೇ ಇದ್ದದ್ದು, ಕ್ರೇನಣ್ಣನ ಎತ್ತು.

ಹಗ್ಗ ಬಿಡುವ ಸಾಧನವನ್ನೂ ಹಲ್ಲಕ್ಕ ತಾವೇ ಮಾಡಿದ್ದರು. ಗ್ಲೈಡರಿನ ಮೂತಿಯಲ್ಲಿ ಬೆರಳು ತೂರುವಷ್ಟು ಒಂದು ತೂತು. ಹಗ್ಗದ ತುದಿಯ ಕುಣಿಕೆಯನ್ನು ಅದರೊಳಗೆ ತೂರಿಸಿದರೆ, ಒಳಗಿನ ಉಕ್ಕಿನ ಚಿಲಕ ಕುಣಿಕೆಯ ನಡುವೆ ಹಾದು ಅದನ್ನು ಹಿಡಿದುಕೊಳ್ಳುತ್ತದೆ. ರಿಮೋಟಿನ ಗುಂಡಿ ಒತ್ತಿದರೆ ಬೆಂಕಿಪೊಟ್ಟಣದಷ್ಟು ಪುಟ್ಟ ಮೋಟರು ಚಿಲಕವನ್ನು ಹಿಂದಕ್ಕೆ ಸರಿಸುತ್ತದೆ, ಕುಣಿಕೆ ಜಾರಿ ಬೀಳುತ್ತದೆ. ಮೇಜಿನ ಮೇಲೆ ಅದನ್ನು ನನಗೆ ಎಷ್ಟೋ ಸಲ ತೋರಿಸಿದ್ದರು. ಎಡಗೈಯಲ್ಲಿ ಹಗ್ಗ ಎಳೆದು ಹಿಡಿದು ಬಲಗೈಯಲ್ಲಿ ಗುಂಡಿ ಒತ್ತುವುದು. ಚಟಕ್ಕನೆ ಬಿಡುತ್ತಿತ್ತು, ಪ್ರತಿ ಸಲವೂ.

ಬಯಲಿನಲ್ಲಿ ಬಿಡಲಿಲ್ಲ.

ಆ ಭಾನುವಾರ ನಾನು ರೆಕ್ಕೆ ಹಿಡಿದು ಓಡಿದೆ, ಗ್ಲೈಡರು ನನ್ನ ಕೈ ಬಿಟ್ಟು ಮೇಲೆದ್ದಿತು. ಎರಡೂ ಚೆನ್ನಾಗಿಯೇ ಏರುತ್ತಿದ್ದವು. ಅಷ್ಟರಲ್ಲಿ ಗಾಳಿಯ ಒಂದು ಏಟಿಗೆ ಗ್ಲೈಡರು ಎತ್ತಿಗಿಂತ ಮೇಲೆ ಹೋಯಿತು. ಹಗ್ಗ ಬಿಗಿದು ಎತ್ತಿನ ಬಾಲ ಮೇಲೆದ್ದಿತು, ಮೂತಿ ಕೆಳಗಾಯಿತು.

"ಬಿಡು! ಬಿಡಮ್ಮ!" ಕ್ರೇನಣ್ಣ ಕೂಗಿದರು.

"ಬಿಟ್ಟೆ!"

"ಎಲ್ಲಿ ಬಿಟ್ಟೆ? ನನ್ನ ಕಣ್ಣೇನು ಕುರುಡಾ?"

ಹಲ್ಲಕ್ಕ ಗುಂಡಿಯನ್ನು ಒತ್ತುತ್ತಲೇ ಇದ್ದರು. ಕೊನೆಗೆ ಕ್ರೇನಣ್ಣ ತಮ್ಮ ಕಡೆಯಿಂದ ಹಗ್ಗ ಬಿಟ್ಟರು. ಆದರೆ ತಲೆಕೆಳಗಾಗಿದ್ದ ಎತ್ತಿಗೆ ಎದ್ದುಕೊಳ್ಳಲು ಎತ್ತರ ಉಳಿದಿರಲಿಲ್ಲ. ಇಟ್ಟಿಗೆ ಗೂಡಿನ ಪಕ್ಕ ಬಿದ್ದು ಚೂರಾಯಿತು. ಗ್ಲೈಡರು ಮಾತ್ರ ಹಗ್ಗವನ್ನು ನೇತುಹಾಕಿಕೊಂಡು ಒಂದು ಸುತ್ತು ಹೊಡೆದು, ಒಂದು ಗೀರೂ ಇಲ್ಲದೆ ಹುಲ್ಲಿನ ಮೇಲೆ ಇಳಿಯಿತು. ಅದರ ಮೈಮೇಲೂ ಒಂದು ಪೆಟ್ಟು ಬಿದ್ದಿದ್ದರೆ ಹಲ್ಲಕ್ಕನಿಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಕ್ರೇನಣ್ಣನ ಕೈ ಬಾಯಿಯ ಕಡೆ ಹೋಯಿತು. ಆದರೆ ಹಲ್ಲು ಜೇಬಿಗೆ ಹೋಗಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಹಲ್ಲಕ್ಕನ ಕೈಗೇ ಕೊಟ್ಟರು. "ತಗೋ. ನೀನು ಮಾಡಿದ ಹಲ್ಲೂ ಬೇಡ, ಏನೂ ಬೇಡ. ಇನ್ನು ಮೇಲೆ ನಿನ್ನ ವಿಮಾನದ ಮೂತಿಗೆ ನನ್ನ ಹಗ್ಗ ಕಟ್ಟಲ್ಲ."

ಆ ಹಗ್ಗವಿಲ್ಲದಿದ್ದರೆ ಗ್ಲೈಡರು ಸೂರಿಗೆ ತೂಗುವ ಹಲಗೆಯೇ ಸರಿ. ಹಲ್ಲಕ್ಕ ಅಳಲಿಲ್ಲ. ಮಾರನೆಯ ದಿನ ನಾನು ಲೈಬ್ರರಿ ಮುಗಿಸಿ ಹೋದಾಗ ಮೂತಿಯ ಭಾಗವನ್ನು ಬಿಚ್ಚಿ ಮೇಜಿಗೆ ಬಿಗಿದು, ಹಗ್ಗ ಎಳೆದು ಗುಂಡಿ ಒತ್ತುತ್ತಿದ್ದರು. ಚಟಕ್. ಚಟಕ್. ಚಟಕ್.

"ನೋಡು ತಮ್ಮಾ, ಹೇಗೆ ಬಿಡುತ್ತೆ! ಮೇಲೆ ಹೋದಾಗ ಇದಕ್ಕೆ ಏನು ರೋಗ?"

ಭಾವ ಟೀ ಹಿಡಿದುಕೊಂಡು ಬಂದರು. "ನೀನು ಎಳೆಯೋದೂ ಒಂದು ಎಳೆತವಾ? ಮಗುವಿನ ಕೈ ಹಿಡಿದ ಹಾಗೆ ಹಿಡಿದಿದ್ದೀಯ. ಕೊಡು ಇಲ್ಲಿ" ಎಂದು, ಹಾಸಿಗೆಯ ದಾರ ಬಿಗಿಯುವಾಗ ಸುತ್ತಿಕೊಳ್ಳುವಂತೆ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಮೇಜಿನ ಕಾಲಿಗೆ ಕಾಲು ಕೊಟ್ಟು ಜಗ್ಗಿದರು. ಹಲ್ಲಕ್ಕ ಗುಂಡಿ ಒತ್ತಿದರು. ಮೋಟರು ಕೊಂಯ್ ಎಂದು ನರಳಿತು. ಚಿಲಕ ಅಲುಗಲಿಲ್ಲ.

"ನಾನೇನೂ ಮುರೀಲಿಲ್ಲ ಕಣೇ!" ಭಾವ ಗಾಬರಿಯಿಂದ ಹಗ್ಗ ಬಿಟ್ಟರು.

"ರೀ, ಇನ್ನೊಂದು ಸಲ! ಇನ್ನೂ ಜೋರಾಗಿ!" ಹಲ್ಲಕ್ಕ ಎದ್ದು ಕುಣಿಯುವುದೊಂದು ಬಾಕಿ. ಕಳ್ಳ ಕೈಗೆ ಸಿಕ್ಕಿದ್ದ.

ಚಿಲಕವನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿತ್ತು. ಅಷ್ಟೇ ಸಾಕಾಗಿತ್ತು. ಏಕೆಂದರೆ ಅದು ಕೂರುವ ತೂತಿನಲ್ಲಿ ಚೂರೂ ಸಂದು ಇರಲಿಲ್ಲ. ಹಲ್ಲು ಕೂರಿಸುವವರು ಕೂರಿಸಿದ ಹಾಗೆ, ಕೂದಲು ತೂರದಂತೆ ಕೂರಿಸಿದ್ದರು. ಬಿಗಿಯಾದ ಹಗ್ಗ ಚಿಲಕವನ್ನು ಒಂದಿಷ್ಟು ಬಾಗಿಸಿದ ಕೂಡಲೇ ಅದು ಅಲ್ಲೇ ಕಚ್ಚಿಕೊಂಡಿತ್ತು.

"ಬಾಯಲ್ಲಿ ಸಂದು ಇದ್ದರೆ ಅನ್ನ ಸಿಕ್ಕಿಕೊಳ್ಳುತ್ತೆ ಅಂತ ನಮ್ಮತ್ತೆ ತಲೆ ಮೇಲೆ ಕುಟ್ಟಿ ಕುಟ್ಟಿ ಕಲಿಸಿದ್ರು" ಎಂದರು ಹಲ್ಲಕ್ಕ. "ಕೈ ತನ್ನಷ್ಟಕ್ಕೆ ಹಾಗೇ ಮಾಡಿಬಿಟ್ಟಿದೆ ನೋಡು. ವಿಮಾನದ ಮೂತಿಗೂ ದವಡೆ ಕೂರಿಸಿದೀನಿ ನಾನು."

ತೂತನ್ನು ಸಡಿಲ ಮಾಡಿದರು, ಚಿಲಕವನ್ನು ದಪ್ಪ ಮಾಡಿದರು, ಬಲವಾದ ಮೋಟರು ಹಾಕಿದರು. ಭಾವ ನೇರವಾಗಿ ಎಷ್ಟೇ ಜಗ್ಗಿದರೂ ಬಿಡತೊಡಗಿತು. ಆದರೆ ಓರೆಯಾಗಿ, ಮೇಲಕ್ಕೆ ಜಗ್ಗಿದರೆ ಆಗೊಮ್ಮೆ ಈಗೊಮ್ಮೆ ಹಿಡಿದುಕೊಳ್ಳುತ್ತಿತ್ತು. ಆಗೊಮ್ಮೆ ಈಗೊಮ್ಮೆ ಎಂಬುದನ್ನು ಹಿಡಿದುಕೊಂಡು ಕ್ರೇನಣ್ಣನ ಮುಂದೆ ಹೋಗುವುದು ಹೇಗೆ?

ಆ ದಿನಗಳಲ್ಲೇ ಅಮ್ಮನ ತಂತಿ ಸಡಿಲವಾಯಿತೆಂದು ಅವಳನ್ನು ಕರೆದುಕೊಂಡು ಹೋದೆ. ಅಮ್ಮ ಈಗ ಪಳಗಿದ್ದಳು. ಯಾರೂ ಕೇಳದಿದ್ದರೂ ಎಲ್ಲರೆದುರು ಪ್ರದರ್ಶನ ಕೊಟ್ಟಳು. "ನೋಡಿ, ನಾನು ಈಗ ಎಳೆಯೋದೇ ಇಲ್ಲ. ಇಲ್ಲಿ ಉಗುರು ಕೊಟ್ಟು ಒಂಚೂರು ತಳ್ಳಿ, ನಾಲಿಗೇಲಿ ಒತ್ತಿದರೆ ಅದಕ್ಕದೇ ಎದ್ದು ಬರುತ್ತೆ." ಹಲ್ಲು ಕೈಗೆ ಬಿತ್ತು. ಅಮ್ಮ ಹಲ್ಲು ಬಿದ್ದ ಜಾಗ ಕಾಣುವಂತೆ ನಕ್ಕಳು.

ಹಲ್ಲಕ್ಕನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು.

ಅಲ್ಲಿಯವರೆಗೆ ಅವರು ಹಗ್ಗದ ಎಳೆತದ ಜೊತೆ ಗುದ್ದಾಡುತ್ತಿದ್ದರು. ಆ ಎಳೆತವನ್ನೇ ಕೆಲಸಕ್ಕೆ ಹಚ್ಚಿದರೆ? ಚಿಲಕವನ್ನು ಎಸೆದರು. ಎರಡು ಉಕ್ಕಿನ ತಗಡುಗಳ ನಡುವೆ, ಬಾಗಿಸಿದ ಬೆರಳಿನಂಥ ಒಂದು ಕೊಕ್ಕೆಯನ್ನು ತಿರುಗುವಂತೆ ಕೂರಿಸಿದರು. ಕುಣಿಕೆ ಕೊಕ್ಕೆಯ ಬುಡಕ್ಕೆ ಬೀಳುತ್ತದೆ, ಬಾಲ ಹಿಂದಕ್ಕೆ ಉದ್ದವಾಗಿ ಚಾಚಿರುತ್ತದೆ. ಹಗ್ಗ ಎಳೆದಾಗಲೆಲ್ಲ ಕೊಕ್ಕೆ ತಿರುಗಿ ತೆರೆದುಕೊಳ್ಳಲು ನೋಡುತ್ತದೆ. ಬಾಲಕ್ಕೆ ಅಡ್ಡ ನಿಂತ ಒಂದು ಪುಟ್ಟ ತಡೆ ಅದನ್ನು ಹಿಡಿದಿರುತ್ತದೆ. ಬಾಲ ಉದ್ದವಾದ್ದರಿಂದ ತಡೆಯ ಮೇಲೆ ಬೀಳುವ ಭಾರ ಅಲ್ಪ. ಮೋಟರು ಅಷ್ಟನ್ನು ಸರಿಸಿದರೆ ಸಾಕು, ಉಳಿದದ್ದನ್ನು ಹಗ್ಗವೇ ಮಾಡುತ್ತದೆ. ಜೋರಾಗಿ ಎಳೆದಷ್ಟೂ ಜೋರಾಗಿ ತೆರೆದುಕೊಳ್ಳುತ್ತದೆ. ಹಗ್ಗ ಯಾವ ಕಡೆಯಿಂದ ಬಂದರೂ ಅಂಚಿಗೆ ತಗುಲದಿರಲೆಂದು ಮೂತಿಯ ತೂತನ್ನು ತುತ್ತೂರಿಯ ಬಾಯಿಯಂತೆ ಅಗಲಿಸಿ, ಹಲ್ಲಿಗೆ ಹೊಳಪು ಕೊಡುವ ಚಕ್ರದಲ್ಲೇ ಉಜ್ಜಿ ನಯ ಮಾಡಿದರು. ಈ ಸಲ ಸಂದುಗಳನ್ನು ಬೇಕೆಂದೇ ಬಿಟ್ಟರು. ಹಾಗೆ ಸಂದು ಬಿಡುವಾಗ ಕೈಗೆ ಹಿಂಸೆಯಾಗುತ್ತಿತ್ತಂತೆ.

(ಕೊಕ್ಕೆ ತನ್ನಿಂದಲೇ ಹುಟ್ಟಿತು ಎಂದು ಅಮ್ಮ ಇಂದಿಗೂ ಹೇಳಿಕೊಂಡು ತಿರುಗುತ್ತಾಳೆ. ತನಗೆ ಅದು ಹಿಂದಿನ ದಿನವೇ ಹೊಳೆದಿತ್ತು ಎನ್ನುತ್ತಾರೆ ಹಲ್ಲಕ್ಕ. ಈ ಜಗಳ ಬಗೆಹರಿದಿಲ್ಲ.)

ಮೊದಲು ನೀರು ತುಂಬಿದ ಬಕೆಟ್ಟನ್ನು ಕೊಕ್ಕೆಗೆ ನೇತುಹಾಕಿ ಬೀಳಿಸಿದರು. ಆಮೇಲೆ ಹತ್ತಿಯ ಮೂಟೆ. ಆಮೇಲೆ ಪ್ಲಾಸ್ಟರಿನ ಚೀಲ, ಅದು ಒಡೆದು ಅಂಗಡಿಯೆಲ್ಲ ಬೆಳ್ಳಗಾಯಿತು. ಅದೇ ವೇಷದಲ್ಲಿ ಹಲ್ಲಕ್ಕ ಹೋಗಿ ಕ್ರೇನಣ್ಣನ ಬಾಗಿಲು ತಟ್ಟಿದರು. ಎತ್ತನ್ನು ಅಷ್ಟರಲ್ಲಿ ಮತ್ತೆ ಕಟ್ಟಿ ಮುಗಿಸಿದ್ದರು ಅವರು. ಆದರೆ ಹಟಕ್ಕೆ ಬಿದ್ದು ಬೇರೆ ಹಲ್ಲು ಮಾಡಿಸಿಕೊಂಡಿರಲಿಲ್ಲ. ಗಂಜಿ ಕುಡಿದು ಕುಡಿದು ಕೆನ್ನೆ ಇಳಿದಿತ್ತು.

"ಅಣ್ಣಾ, ಕಟ್ಟು ಅಂತ ಕೇಳೋಕೆ ಬಂದಿಲ್ಲ. ಒಂದ್ಸಲ ನೋಡಿ, ಸಾಕು."

"ನೋಡೋಕೇನಿದೆ? ಮೇಜಿನ ಮೇಲೆ ಎಲ್ಲಾನೂ ಬಿಡುತ್ತೆ" ಎಂದು ಗೊಣಗಿದರೂ ಚಪ್ಪಲಿ ಮೆಟ್ಟಿಕೊಂಡರು.

ಅಂಗಡಿಯ ತೊಲೆಗೆ ಕೊಕ್ಕೆಯನ್ನು ಬಿಗಿದಿದ್ದರು. ಅದರಿಂದ ದಪ್ಪ ಹಗ್ಗ ಇಳಿಬಿದ್ದಿತ್ತು. ಕ್ರೇನಣ್ಣ ಅದನ್ನು ಮೂಸಿ ನೋಡುವಷ್ಟು ಹತ್ತಿರದಿಂದ ನೋಡಿದರು. ಭಾವನನ್ನೂ ನನ್ನನ್ನೂ ಒಮ್ಮೆ ನೋಡಿದರು. "ಬಕೆಟ್ಟು ಗಿಕೆಟ್ಟು ಬೇಡ. ನಾನೇ ನೇತಾಡ್ತೀನಿ."

"ಅಣ್ಣಾ, ಬಿದ್ದು ಸೊಂಟ ಮುರ್ಕೊಂಡ್ರೆ ಅತ್ತಿಗೆಗೆ ನಾನೇನು ಹೇಳಲಿ?"

"ಹಾಸಿಗೆ ಅಂಗಡೀಲಿ ಬಿದ್ದು ಸೊಂಟ ಮುರ್ಕೊಂಡ ಅಂದ್ರೆ ಅವಳು ನಂಬೋದೂ ಇಲ್ಲ."

ಭಾವ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದರು. ಕ್ರೇನಣ್ಣ ಹಗ್ಗ ಹಿಡಿದು, ಮೊಣಕಾಲು ಮಡಚಿ, ತಮ್ಮ ಪೂರ್ತಿ ಭಾರವನ್ನು ಅದಕ್ಕೆ ಬಿಟ್ಟರು. ತೊಲೆ ಕಿರ್ರೆಂದಿತು. ಕಾಲಿನಿಂದ ಗೋಡೆ ಒದ್ದು ಎಡಕ್ಕೆ ತೂಗಿದರು, ಬಲಕ್ಕೆ ತೂಗಿದರು, ಗಿರ್ರನೆ ತಿರುಗಿದರು. "ನನಗೆ ಹೇಳಬೇಡ. ನಿನಗೆ ಯಾವಾಗ ಅನ್ನಿಸುತ್ತೋ ಆವಾಗ ಬಿ..."

ಚಟಕ್.

ಬಿಡು ಎಂಬ ಮಾತು ಮುಗಿಯುವ ಮೊದಲೇ ಕ್ರೇನಣ್ಣ ಹಾಸಿಗೆಗಳ ನಡುವೆ ಮುಳುಗಿಹೋಗಿದ್ದರು. ಕಾಲುಗಳು ಮಾತ್ರ ಕಾಣುತ್ತಿದ್ದವು. ಹತ್ತಿ ನಿಧಾನವಾಗಿ ಕೆಳಗಿಳಿಯಿತು.

ಒಳಗಿನಿಂದ ಧ್ವನಿ ಬಂತು: "ಇನ್ನೊಂದ್ಸಲ!"

ಎಷ್ಟು ಸಲ ಬಿದ್ದರೋ ನಾವು ಎಣಿಸಲಿಲ್ಲ. ಕೊನೆಕೊನೆಗೆ ಅದು ಪರೀಕ್ಷೆಯಾಗಿ ಉಳಿದಿರಲಿಲ್ಲ, ಉಯ್ಯಾಲೆಯಾಗಿತ್ತು. ಬೀದಿಯವರು ಬಾಗಿಲಲ್ಲಿ ಗುಂಪುಗೂಡಿ ಚಪ್ಪಾಳೆ ತಟ್ಟುತ್ತಿದ್ದರು. ಭಾವ ಅವರಿಗೆಲ್ಲ, "ನೋಡಿ, ನಮ್ಮ ಹಾಸಿಗೆ ಎಷ್ಟು ಮೆತ್ತಗೆ!" ಎಂದು ವ್ಯಾಪಾರ ಶುರು ಮಾಡಿದ್ದರು. ಒಂದೇ ಒಂದು ಸಲವೂ ಕೊಕ್ಕೆ ತಡೆದು ನಿಲ್ಲಲಿಲ್ಲ.

ಕ್ರೇನಣ್ಣ ಎದ್ದು ಮೈ ಕೊಡವಿಕೊಂಡರು. ಹಲ್ಲಕ್ಕನ ಮುಂದೆ ಬಂದು ಕೈ ಚಾಚಿದರು.

"ಎಲ್ಲಿ, ಕೊಡು ನನ್ನ ಹಲ್ಲು."

ಅಟ್ಟಣೆಯ ಮೇಲೆ, ಗಾಜಿನ ಜಾಡಿಯ ನೀರಿನಲ್ಲಿ ಅವು ಫಳಫಳ ಹೊಳೆಯುತ್ತಿದ್ದವು. ಹಲ್ಲಕ್ಕ ಪ್ರತಿ ವಾರವೂ ನೀರು ಬದಲಿಸಿದ್ದರು. ಕ್ರೇನಣ್ಣ ಅವನ್ನು ಬಾಯಿಗೆ ಹಾಕಿ, ಎರಡು ಸಲ ಕಟಕಟ ಎನ್ನಿಸಿ, "ಭಾನುವಾರ ಬೆಳಿಗ್ಗೆ ಬಾ. ಹಗ್ಗ ನಾನು ತರ್ತೀನಿ" ಎಂದರು.

ಆ ಭಾನುವಾರ ಬಯಲಿನಲ್ಲಿ ಎಂದಿಗಿಂತ ಹೆಚ್ಚು ಜನ. ಅಮ್ಮನೂ ಬಂದು, ಎತ್ತಿಗೆ ಕೊಂಬಿಲ್ಲವೆಂದು ಸ್ವಲ್ಪ ಬೇಸರಪಟ್ಟುಕೊಂಡಳು. ಕ್ರೇನಣ್ಣ ತಮ್ಮ ಕೈಯಾರೆ ಕುಣಿಕೆಯನ್ನು ಗ್ಲೈಡರಿನ ಮೂತಿಗೆ ಸಿಕ್ಕಿಸಿದರು. ನಾನು ರೆಕ್ಕೆ ಹಿಡಿದು ಓಡಿದೆ. ಹಗ್ಗ ಬಿಗಿಯಿತು, ರೆಕ್ಕೆ ನನ್ನ ಬೆರಳುಗಳನ್ನು ತಾನಾಗಿ ಬಿಡಿಸಿಕೊಂಡು ಹೋಯಿತು.

ಮೇಲೆ, ಮೇಲೆ. ಎತ್ತು ಒಂದು ಗುಬ್ಬಿಯಷ್ಟಾಯಿತು. ಎಲ್ಲರೂ ಕಾಯುತ್ತಿದ್ದರು. ನೇರವಾಗಿ ಹಾರುತ್ತಿರುವಾಗ ಬಿಡು ಎಂದು ಕ್ರೇನಣ್ಣ ಹೇಳಬಹುದಿತ್ತು. ಹೇಳಲಿಲ್ಲ. ಬೇಕೆಂದೇ ಎತ್ತನ್ನು ಎಡಕ್ಕೆ ಒಗೆದರು. ಹಗ್ಗ ಅಡ್ಡಕ್ಕೆ ಬಿಗಿಯಿತು, ಗ್ಲೈಡರಿನ ಮೂತಿ ಓರೆಯಾಯಿತು. ಎಳೆತ ಅದಕ್ಕಿಂತ ಕೆಟ್ಟ ಕಡೆಯಿಂದ ಬರಲು ಸಾಧ್ಯವಿರಲಿಲ್ಲ.

"ಈಗ!"

ಹಲ್ಲಕ್ಕನ ಹೆಬ್ಬೆರಳು ಅಲುಗಿತು. ಹಗ್ಗ ಅಷ್ಟೆತ್ತರದಲ್ಲಿ ದಾರದಂತೆ ಸಡಿಲಗೊಂಡು ಬಳುಕಿತು. ಭಾರ ಕಳೆದುಕೊಂಡ ಎತ್ತು ಒಮ್ಮೆಲೇ ಮುಂದಕ್ಕೆ ಹಾರಿತು. ಗ್ಲೈಡರು ಒಂದು ಕ್ಷಣ ಅಲುಗಾಡಿ, ನೇರವಾಗಿ, ಸದ್ದೇ ಇಲ್ಲದೆ ಬಲಕ್ಕೆ ತಿರುಗಿತು.

"ಬಿಡ್ತು! ಬಿಡ್ತು ಕಣ್ರೋ!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಕ್ರೇನಣ್ಣನೇ. ಭಾವ ಪಕ್ಕದಲ್ಲಿದ್ದ ನನ್ನನ್ನು ಹತ್ತಿಯ ಮೂಟೆಯಂತೆ ಎತ್ತಿ ಕುಕ್ಕಿದರು. ಹಲ್ಲಕ್ಕ ಯಾರ ಕಡೆಯೂ ನೋಡಲಿಲ್ಲ. ನಗುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಮೇಲೆ ನೋಡುತ್ತಲೇ ಇದ್ದರು. ಇಟ್ಟಿಗೆ ಗೂಡಿನ ಮೇಲಿನ ಬಿಸಿ ಗಾಳಿಯಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಗ್ಲೈಡರು ಹೋಗಿ ಅದರ ಜೊತೆ ಸೇರಿಕೊಂಡಿತು. ಹದ್ದು ಒಮ್ಮೆ ಕತ್ತು ತಿರುಗಿಸಿ ನೋಡಿದಂತೆ ಕಂಡಿತು, ಓಡಿಹೋಗಲಿಲ್ಲ. ಎರಡೂ ಸುತ್ತುತ್ತಾ ಸುತ್ತುತ್ತಾ, ಎತ್ತು ಎಳೆದೊಯ್ದ ಎತ್ತರಕ್ಕಿಂತಲೂ ಮೇಲೆ ಹೋದವು.

"ಇಳಿಸಮ್ಮ, ನಮಗೂ ಹಸಿವಾಗುತ್ತೆ" ಎಂದು ಕ್ರೇನಣ್ಣ ಕೂಗುವವರೆಗೂ ಹಲ್ಲಕ್ಕ ಇಳಿಸಲಿಲ್ಲ. ಇಳಿಸಿದಾಗ ಗ್ಲೈಡರು ಸರಿಯಾಗಿ ಅವರ ಕಾಲ ಬಳಿ ಬಂದು ನಿಂತಿತು.

ಮುಂದಿನ ವಾರ ಕ್ರೇನಣ್ಣ ಎತ್ತಿನ ಬಾಲಕ್ಕೂ ಅಂಥದ್ದೇ ಕೊಕ್ಕೆ ಬೇಕೆಂದು ಬಂದರು. ಆಮೇಲೆ ಬಯಲಿನ ಉಳಿದವರು ಬಂದರು, ಆಮೇಲೆ ಬೇರೆ ಊರುಗಳ ಬಯಲಿನವರು. ಒಳಗೆ ಬಂದವರನ್ನೆಲ್ಲ ಭಾವ ತಲೆ ಎತ್ತದೆಯೇ ಕೇಳುತ್ತಾರೆ: "ಹಲ್ಲೋ, ಹಾಸಿಗೆಯೋ, ಕೊಕ್ಕೆಯೋ?" ತಯಾರಾದ ಪ್ರತಿಯೊಂದು ಕೊಕ್ಕೆಯೂ ತೊಲೆಗೆ ಏರುತ್ತದೆ. ಅದಕ್ಕೆ ನೇತಾಡಿ ಬೀಳುವ ಕೆಲಸವನ್ನು ಕ್ರೇನಣ್ಣ ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈಗ ಹಲ್ಲಕ್ಕ ಬೆಳಿಗ್ಗೆ ಹಲ್ಲು ಮಾಡುತ್ತಾರೆ, ಊಟದ ಮೇಲೆ ಗ್ಲೈಡರುಗಳಿಗೆ ಕೊಕ್ಕೆ ಮಾಡುತ್ತಾರೆ, ಭಾನುವಾರ ಬಯಲಿಗೆ ಹೋಗಿ ಹಾರಿಸುತ್ತಾರೆ.